ಒಂದೇ ಕೊಳವೆಬಾವಿ, ಎರಡು ಬಗೆಯ ಆರೋಗ್ಯ

ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಸೀಮೆಯ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಾಣುವ ಕಂದು ಕಲೆಗಳನ್ನು ಹೊರಗಿನಿಂದ ಬಂದವರು ಹಲ್ಲುಜ್ಜದಿರುವುದರ ಫಲವೆಂದು ಭಾವಿಸುವುದುಂಟು. ಅನೇಕ ವೇಳೆ ಅದು ನೆಲದಡಿಯ ನೀರಿನಲ್ಲಿ ಕರಗಿರುವ ಖನಿಜಾಂಶವಾದ ಫ್ಲೋರೈಡ್‌ ಮೂಡಿಸಿದ ಗುರುತು. ಭಾರತೀಯ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ನಮ್ಮ ಕಗ್ಗಲ್ಲಿನ ನೆಲದಲ್ಲಿ ಆಳದ ನೀರು ಬಂಡೆಯ ನಡುವೆ ದೀರ್ಘಕಾಲ ನಿಂತು ಅದರೊಳಗಿನ ಫ್ಲೋರೈಡ್ ಕರಗಿಸಿಕೊಳ್ಳುವುದರಿಂದ, ಕೊಳವೆಬಾವಿ ಕೆಳಕ್ಕಿಳಿದಂತೆ ಈ ಮಿತಿ ದಾಟುವ ಸಂಭವವೂ ಹೆಚ್ಚು. ಫ್ಲೋರೈಡ್‌ಗೆ ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೆ ನೀರು ಆವಿಯಾಗಿ ಅದರ ಸಾಂದ್ರತೆ ಇನ್ನಷ್ಟು ಏರುತ್ತದೆಯೇ ಹೊರತು ಅದು ಹೋಗುವುದಿಲ್ಲ.

ಊರಿಗೆಲ್ಲ ನೀರು ಒಂದೇ ಆದರೂ ಮೈಗಳು ಒಂದೇ ಅಲ್ಲ. ಮನೆಯಲ್ಲಿ ಫ್ಲೋರೈಡ್ ತೆಗೆಯುವ ಫಿಲ್ಟರ್ ಇಟ್ಟುಕೊಂಡು, ಹಾಲು ಮೊಸರು ಉಂಡು ಬೆಳೆಯುವ ಮಗುವಿಗೂ, ಬಿರುಬಿಸಿಲಿನಲ್ಲಿ ಶೇಂಗಾ ಕೀಳುತ್ತ ಹೊಲದ ಪಂಪಿಗೇ ಬಾಯಿಯೊಡ್ಡಿ ದಿನಕ್ಕೆ ಹಲವು ಲೀಟರ್ ಕುಡಿಯುವ ಕೂಲಿಯವಳಿಗೂ ಒಂದೇ ಪ್ರಮಾಣದ ವಿಷ ಸೇರುವುದಿಲ್ಲ. ಕ್ಯಾಲ್ಸಿಯಂ ಮತ್ತು ಸಿ ಜೀವಸತ್ವದ ಕೊರತೆಯಿರುವ ದೇಹದಲ್ಲಿ ಹಾನಿ ಇನ್ನೂ ತೀವ್ರ. ಶಾಶ್ವತ ಹಲ್ಲುಗಳ ಹೊರಪದರ ರೂಪುಗೊಳ್ಳುವುದು ಬಹುಮಟ್ಟಿಗೆ 8 ವರ್ಷದೊಳಗೆ; ಆಗ ಬಿದ್ದ ಕಲೆ ತಾನಾಗಿ ಅಳಿಯದು. ವರ್ಷಗಟ್ಟಲೆ ಸೇವಿಸಿದ ಮೇಲೆ ಬೆನ್ನು, ಮಂಡಿಗಳು ಬಿಗಿದು ಕೆಲಸವೇ ನಿಂತರೆ, ಅದನ್ನು ಹಿಂದಿರುಗಿಸುವ ಔಷಧಿಯಿಲ್ಲ. ಆದ್ದರಿಂದ ಇಲ್ಲಿ ತಡೆಗಟ್ಟುವಿಕೆಯೇ ಚಿಕಿತ್ಸೆ, ಮತ್ತು ಅದು ಆಸ್ಪತ್ರೆಯ ಹೊರಗೆ ನಡೆಯಬೇಕಾದ ಕೆಲಸ.

ಸರ್ಕಾರ 2008-09ರಲ್ಲೇ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಹಲ್ಲು ಮೂಳೆಗಳಿಗೆ ತಗಲುವ ಈ ರೋಗದ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಊರೂರಿಗೆ ಶುದ್ಧ ನೀರಿನ ಘಟಕಗಳೂ ಬಂದವು. ಆದರೆ ನಾಣ್ಯ ಹಾಕಿ ತಂದ ಒಂದು ಕ್ಯಾನ್ ನೀರನ್ನು ಕುಡಿಯಲು ಮಾತ್ರ ಎತ್ತಿಟ್ಟು, ಮುದ್ದೆಗೂ ಸಾರಿಗೂ ಚಹಾಕ್ಕೂ ಕೊಳವೆಬಾವಿ ನೀರನ್ನೇ ಬಳಸುವ ಮನೆಗಳು ಕಡಿಮೆಯೇನಲ್ಲ. (ಚಹಾಸೊಪ್ಪಿನಲ್ಲಿಯೂ ಫ್ಲೋರೈಡ್ ಇದೆಯೆಂಬುದು ನಮ್ಮ ಚಹಾಪ್ರಿಯ ಜಿಲ್ಲೆಗಳಿಗೆ ಹಿಡಿಸುವ ಸುದ್ದಿಯಲ್ಲ.) ಘಟಕದ ಮೆಂಬ್ರೇನ್ (ನೀರು ಸೋಸುವ ಪೊರೆ) ಕೆಟ್ಟು ಬೀಗ ಬಿದ್ದರೆ ಹಣವುಳ್ಳವರು ಪೇಟೆಯಿಂದ ನೀರು ತರಿಸುತ್ತಾರೆ, ಹಟ್ಟಿ ತಾಂಡಾಗಳವರು ಮತ್ತೆ ಕೈಪಂಪಿಗೆ ಮರಳುತ್ತಾರೆ. ಯಂತ್ರ ಕೊಟ್ಟು ಊರಿಗೆ ಹೊಣೆ ಕೊಡದಿದ್ದರೆ ಅಸಮಾನತೆ ಕುಗ್ಗುವ ಬದಲು ಹಿಗ್ಗುತ್ತದೆಂಬುದು ನನ್ನ ಖಚಿತ ಅಭಿಪ್ರಾಯ.

ಗ್ರಾಮ ಪಂಚಾಯಿತಿಯಡಿ ನೀರು ಮತ್ತು ನೈರ್ಮಲ್ಯ ಸಮಿತಿಗಳಿವೆ, ಮಹಿಳಾ ಸ್ವಸಹಾಯ ಸಂಘಗಳಿವೆ, ಮನೆಮನೆಯ ಅಡುಗೆ ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ. ಘಟಕದ ವಸೂಲಿ ಮತ್ತು ರಿಪೇರಿ ಸಂಘದ ಕೈಯಲ್ಲಿರಲಿ. ಬಡ ಗರ್ಭಿಣಿಯರ ಮತ್ತು ಎಳೆಮಕ್ಕಳ ಮನೆಗಳಿಗೆ ಅಡುಗೆಯ ನೀರೂ ಉಚಿತವಾಗಿ ಸಿಗಲಿ. ಮಳೆನೀರಿನಲ್ಲಿ ಫ್ಲೋರೈಡ್ ನಗಣ್ಯವಾದ್ದರಿಂದ ಶಾಲೆ, ಅಂಗನವಾಡಿಗಳ ಛಾವಣಿಗೆ ತೊಟ್ಟಿ ಕಟ್ಟಿಸುವುದು ಮಳೆ ಕಡಿಮೆಯಿರುವ ಚಳ್ಳಕೆರೆಯಲ್ಲೂ ವ್ಯರ್ಥವಲ್ಲ. ಪ್ರತಿ ಕೊಳವೆಬಾವಿಯ ಪರೀಕ್ಷಾ ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ಅದೇ ಅಂಕಿಯನ್ನು ನಲ್ಲಿಯ ಪಕ್ಕದ ಗೋಡೆಗೆ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.