ಭಾನುವಾರ ರಾತ್ರಿ 9ಕ್ಕೆ

ಸೋದರಮಾವ ಕೊಟ್ಟ ನಿಕಾನ್ ಎಫ್ ಕ್ಯಾಮೆರಾ ಈಬೇ ಅನ್ನೋ ಆನ್‌ಲೈನ್ ಮಾರಾಟ ತಾಣದಲ್ಲಿ ಹರಾಜಿಗೆ ಹಾಕ್ತಿದ್ದೇನೆ. 1959ರಲ್ಲಿ ಮೊದಲು ಬಂದ ಮಾಡೆಲ್. ಅಂಚುಗಳಲ್ಲಿ ಕಪ್ಪು ಬಣ್ಣ ಸವೆದು ಹಿತ್ತಾಳೆ ಇಣುಕುತ್ತಿದೆ. ಸಂಗ್ರಹಕಾರರಲ್ಲಿ ಎಷ್ಟೋ ಜನರಿಗೆ ಅದೇ ಇಷ್ಟ.

ಅಲ್ಲಿ ದಿನದ ಯಾವ ಹೊತ್ತಿಗೆ ಹಾಕುತ್ತೇವೋ, ನಾವು ಆರಿಸಿದಷ್ಟು ದಿನ ಕಳೆದ ಮೇಲೆ ಅದೇ ಹೊತ್ತಿಗೆ ಹರಾಜು ಮುಗಿಯುತ್ತದೆ. ಕೊನೆಗೆ ಬಿಡ್ ಬಂತು ಅಂತ ಸಮಯ ಮುಂದೂಡುವುದಿಲ್ಲ. ಅದಕ್ಕೇ ಪಳಗಿದವರು ಕೊನೆಯ ಸೆಕೆಂಡುಗಳವರೆಗೆ ಸುಮ್ನೆ ಕಾದಿರುತ್ತಾರೆ. ಆ ಗಳಿಗೆಯಲ್ಲಿ ಅವರು ಎಚ್ಚರವಾಗಿ, ಬಿಡುವಾಗಿ ಇರಬೇಕು ಅಲ್ವಾ?

ಗುರುವಾರ ರಾತ್ರಿ 9ಕ್ಕೆ 10 ದಿನದ ಹರಾಜು ಹಾಕಿದರೆ ಮುಗಿಯುವುದು ಭಾನುವಾರ ರಾತ್ರಿ 9ಕ್ಕೆ. ಎರಡು ವಾರಾಂತ್ಯ ಸಿಗುತ್ತವೆ. ನಮ್ಮ ನ್ಯೂಜೆರ್ಸಿಯಲ್ಲಿ ಊಟ ಮುಗಿದಿರುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಸಂಜೆ 6. ಬೇಸಿಗೆಯಾದರೆ ಜಪಾನಿನಲ್ಲಿ ಸೋಮವಾರ ಬೆಳಿಗ್ಗೆ 10. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ಮಾತ್ರ ಬೇಡ, ಜನ ಪ್ರಯಾಣದಲ್ಲಿರುತ್ತಾರೆ.

ಇನ್ನೂ ಕೆಲವು ವರ್ಷ ಇಟ್ಟುಕೊಂಡರೆ ಜಾಸ್ತಿ ಬರುತ್ತದೇನೋ ಅಂತ ಅತ್ತೆ ಕೇಳಿದರು. ಬರಬಹುದು. ಆದರೆ ತೇವದ ಕಪಾಟಿನಲ್ಲಿ ಲೆನ್ಸ್‌ಗೆ ಬೂಸ್ಟು ಹಿಡಿದರೆ ಬೆಲೆ ಸೀದಾ ಇಳಿಯುತ್ತದೆ. ಅದಕ್ಕಿಂತ ಇದರಲ್ಲಿ ರೋಲ್ ಹಾಕಿ ಫೋಟೋ ತೆಗೆಯುವವರ ಕೈಗೆ ಈಗಲೇ ಹೋಗಲಿ ಅನ್ನಿಸುತ್ತದೆ. ಮಾವನೂ ಹಾಗೇ ಅಂದರು.