ಕೊನೆ ಎಲೆ ಬಿದ್ದ ಮೇಲೆ

9 ಮಾರ್ಚ್ 2024, ಶನಿವಾರ

ನಿನ್ನೆ ರಾತ್ರಿ ಗೆಳೆಯರ ಜೊತೆ ಪೋಕರ್, ಅದೇ ಹೋಲ್ಡೆಮ್: ಒಬ್ಬೊಬ್ಬರ ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು. ದುಡ್ಡಿಲ್ಲ, ಬರೀ ಚಿಪ್ಸ್. ಆದರೂ ಒಂದು ಆಟ ಬೆಳಿಗ್ಗೆಯಿಂದ ತಲೆಯಲ್ಲೇ ಕೂತಿದೆ.

ನನ್ನ ಕೈಯಲ್ಲಿ ರಾಣಿ, ಜಾಕಿ. ಫ್ಲಾಪ್‌ನಲ್ಲಿ, ಅಂದರೆ ಮೇಜಿನ ಮೊದಲ ಮೂರು ಎಲೆಗಳಲ್ಲಿ, ರಾಣಿ, 8, 5 ಬಿತ್ತು. ಖುಷಿಯಿಂದ ಬೆಟ್ ಮಾಡಿದೆ, ಎದುರಿನವನು ಕಾಲ್ ಮಾಡಿದ, ಅಂದರೆ ಅವನೂ ಅಷ್ಟೇ ಹಾಕಿದ. ನಾಲ್ಕನೇ ಎಲೆ, ಟರ್ನ್‌ನಲ್ಲಿ 6. ಮತ್ತೆ ಬೆಟ್, ಮತ್ತೆ ಕಾಲ್. ಕೊನೆ ಎಲೆ, ರಿವರ್‌ನಲ್ಲಿ 7. ಅವನು ಚೆಕ್ ಅಂದ, ಬೆಟ್ ಮಾಡಲಿಲ್ಲ. ಪಾಟ್‌ನಲ್ಲಿ, ಅಂದರೆ ಮಧ್ಯದ ರಾಶಿಯಲ್ಲಿ, 120 ಚಿಪ್ಸ್. ರಾಣಿ ಜೋಡಿ ಇದೆಯಲ್ಲ, ಮೊದಲಿಂದ ನಾನೇ ಮುಂದೆ ಅಂತ 60 ತಳ್ಳಿದೆ. ಅವನು ಸ್ವಲ್ಪ ಹೊತ್ತು ನೋಡಿ ಕಾಲ್ ಮಾಡಿ, 9, 8 ತೋರಿಸಿದ. 5ರಿಂದ 9ರವರೆಗೆ ಸ್ಟ್ರೇಟ್, ಸಾಲಾಗಿ ಐದು ಎಲೆ, ಜೋಡಿಗಿಂತ ದೊಡ್ಡದು.

ಅದೃಷ್ಟ ಸರಿಯಿಲ್ಲ ಅಂತ ಗೊಣಗಿದೆ. ಸುಳ್ಳು. 7 ಬಿದ್ದದ್ದು ಅದೃಷ್ಟ, ಆಮೇಲೆ ಕೊಟ್ಟ 60 ನನ್ನ ಪೆದ್ದತನ. ಮೇಜಿನ ಮೇಲೆ 5, 6, 7, 8 ಸಾಲಾಗಿ ಕೂತಿವೆ. ಒಂದೇ ಒಂದು 9 ಅಥವಾ 4 ಇದ್ದವನಿಗೂ ಸ್ಟ್ರೇಟ್ ಆಗಿದೆ. ಬರೀ 8ರ ಜೋಡಿ ಇದ್ದವನು ಅಂಥ ಮೇಜು ನೋಡಿ 60 ಯಾಕೆ ಕೊಡ್ತಾನೆ? ನನಗಿಂತ ಕಡಿಮೆ ಇದ್ದವರು ಎಲೆ ಎಸೆದು ಸುಮ್ಮನಾಗುತ್ತಾರೆ, ಜಾಸ್ತಿ ಇದ್ದವರು ಕಾಲ್ ಮಾಡುತ್ತಾರೆ. ಆ ಬೆಟ್‌ನಿಂದ ನನಗೆ ಬರೋದೇನು?

ಫ್ಲಾಪ್, ಟರ್ನ್‌ನಲ್ಲಾದರೆ ಡ್ರಾ ಹಿಡಿದವನಿಗೆ, ಅಂದರೆ ಬೇಕಾದ ಎಲೆಗೆ ಕಾಯುತ್ತಿರುವವನಿಗೆ, ಮುಂದಿನ ಎಲೆ ಪುಕ್ಕಟೆ ಸಿಗದ ಹಾಗೆ ಬೆಟ್ ಮಾಡಬಹುದು. ರಿವರ್ ಆದ ಮೇಲೆ ಬರೋ ಎಲೆಯೇ ಇಲ್ಲ. ಕಾಲ್ ಬಂದಾಗ ಅರ್ಧಕ್ಕಿಂತ ಜಾಸ್ತಿ ಸಲ ನಾನು ಗೆಲ್ಲುವಂತಿದ್ದರೆ ಮಾತ್ರ ಆ 60ಕ್ಕೆ ಅರ್ಥ. ಕೊನೆಯ ಸರದಿ ನನ್ನದೇ ಇತ್ತು. ಚೆಕ್ ಅಂದಿದ್ದರೆ ಎಲೆ ತೋರಿಸಿ, ಸೋತು, ಆ 60 ಉಳಿಸಿಕೊಳ್ಳುತ್ತಿದ್ದೆ.

ಬ್ಲಫ್‌ನಲ್ಲೂ, ಅಂದರೆ ಕೈಯಲ್ಲಿ ಏನೂ ಇಲ್ಲದೆ ಹೆದರಿಸೋ ಬೆಟ್‌ನಲ್ಲೂ, ಪೆಟ್ಟು ತಿಂದೆ. ಲೆಕ್ಕವೇನೋ ಗೊತ್ತು. 120ರ ಪಾಟ್‌ಗೆ 60 ಹಾಕಿದರೆ, ಮೂರರಲ್ಲಿ ಒಂದು ಸಲ ಅವನು ಎಲೆ ಎಸೆದರೂ ಅಸಲು ಬಂತು. 120 ಹಾಕಿದರೆ ಎರಡರಲ್ಲಿ ಒಂದು ಸಲ ಎಸೆಯಬೇಕು. ಅವನ ಕಡೆಯಿಂದ ನೋಡಿದರೆ 60 ಕೊಟ್ಟು 180 ಗೆಲ್ಲೋ ಅವಕಾಶ, ನಾಲ್ಕರಲ್ಲಿ ಒಂದು ಸಲ ಅವನ ಅನುಮಾನ ನಿಜವಾದರೆ ಸಾಕು. ಸಣ್ಣ ಬೆಟ್ ಕಂಡರೆ ಜನ ಸುಮ್ನೆ ಕಾಲ್ ಮಾಡೋದು ಇದಕ್ಕೇ.

ಇನ್ನೊಂದು ಆಟದಲ್ಲಿ ನನ್ನ ಬಳಿ ಎರಡು ಆಟೀನ್ ಇದ್ದವು, ಐದು ಆಟೀನ್ ಸೇರಿ ಫ್ಲಶ್ ಆಗಬೇಕಿತ್ತು, ಆಗಲಿಲ್ಲ. ಇಡೀ ಪಾಟ್‌ನಷ್ಟು ತಳ್ಳಿದೆ. ಅವನು ಸಣ್ಣ ಜೋಡಿ ಹಿಡಿದು ಕಾಲ್ ಮಾಡಿಬಿಟ್ಟ. ಆಮೇಲೆ ಕೇಳಿದ,

"ನಾನು ಏನು ಹಿಡಿದಿದ್ದರೆ ಎಸೀತೀನಿ ಅಂದ್ಕೊಂಡಿದ್ದೆ?"

"ನಿನಗೂ ಫ್ಲಶ್ ತಪ್ಪಿರುತ್ತೆ ಅಂತ."

"ಆಟೀನ್ ಎರಡು ನಿನ್ನ ಕೈಲೇ ಇದ್ವಲ್ಲೋ!"

ಹೌದಲ್ವಾ. ಅವು ನನ್ನ ಹತ್ತಿರ ಇದ್ದಷ್ಟೂ ಅವನಿಗೆ ಫ್ಲಶ್ ತಪ್ಪಿರೋ ಸಾಧ್ಯತೆ ಕಡಿಮೆ, ಜೋಡಿ ಇರೋ ಸಾಧ್ಯತೆ ಜಾಸ್ತಿ. ಡ್ರಾ ತಪ್ಪಿದ ಸಿಟ್ಟಿಗೆ ಬ್ಲಫ್ ಹಾಕುವಾಗ ಇದೆಲ್ಲ ಎಲ್ಲಿ ಹೊಳೆಯುತ್ತೆ!

ಇಷ್ಟೆಲ್ಲ ಆದ ಮೇಲೆ ಕೊನೆಯ ಆಟದಲ್ಲಿ ಎಕ್ಕದ ಜೋಡಿ ಬಂತು. ಮೇಜಿನ ಮೇಲೆ ಸ್ಟ್ರೇಟ್, ಫ್ಲಶ್‌ನ ಸುಳಿವೇ ಇಲ್ಲ. ರಿವರ್‌ನಲ್ಲಿ ಅವನು ಚೆಕ್ ಅಂದ, ನಾನೂ ಜಾಣನಂತೆ ಚೆಕ್ ಅಂದೆ. ಅವನದು 10ರ ಜೋಡಿ. ಎಲೆ ಕಲಸುತ್ತಾ ಹೇಳಿದ, "ಒಂದು 20 ಹಾಕಿದ್ದರೆ ಕಣ್ಣು ಮುಚ್ಚಿ ಕಾಲ್ ಮಾಡ್ತಿದ್ದೆ."