ಕಲ್ಲು ಒಣಗಬಾರದು

ಬೆಂಗಳೂರಿನ ತ್ಯಾಗರಾಜನಗರದ ಆ ಮನೆಯ ಹಾಲ್‌ನಲ್ಲಿ ಕಡಲ ಮೀನಿನ ಉಪ್ಪುನೀರಿನ ಟ್ಯಾಂಕ್ ಎಂಟು ವರ್ಷ ಒಂದೇ ಜಾಗದಲ್ಲಿ ನಿಂತಿತ್ತಂತೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಒಳಗೆ ಎರಡು ಕ್ಲೌನ್ ಮೀನು, ಬೆನ್ನ ಮೇಲೆ ಬಿಳಿ ಗೆರೆಯಿದ್ದ ಒಂದು ಕೆಂಪು ಸಿಗಡಿ, ನೇರಳೆ ಪಾಚಿ ಹತ್ತಿದ ಕಲ್ಲುಗಳು. ಮನೆಯ ಹಿರಿಯರು ಊರು ಬಿಟ್ಟು ಮಗಳ ಮನೆಗೆ ಹೊರಟಿದ್ದರು. "ದುಡ್ಡು ಎಷ್ಟಾದ್ರೂ ಕೊಡಮ್ಮಾ, ಮೀನು ಬದುಕಬೇಕು ಅಷ್ಟೇ" ಅಂದರು.

ಸಿಹಿನೀರಿನ ಗಪ್ಪಿ ಮೀನು ಸಾಕಿದ್ದು ಬಿಟ್ಟರೆ ನನಗೆ ಬೇರೆ ಅನುಭವ ಇರಲಿಲ್ಲ. ಟ್ಯಾಂಕ್ ಸಾಗಿಸೋದು ಅಂದರೆ ಗಾಜು ಒಡೆಯದಂತೆ ನೋಡಿಕೊಳ್ಳೋದು ಅಂದುಕೊಂಡಿದ್ದೆ. ಅವರ ಚಿಂತೆಯೇ ಬೇರೆ. "ಗಾಜು ಒಡೆದ್ರೆ ಇನ್ನೊಂದು ಸಿಗುತ್ತೆ. ಕಲ್ಲು ಮಾತ್ರ ಒಣಗಬಾರದು. ಮರಳು ತಗೊಂಡು ಹೋಗಬೇಡ, ಹೊಸದು ಹಾಕು."

ಕಲ್ಲಿನ ವಿಷಯ ಅವರೇ ಬಿಡಿಸಿ ಹೇಳಿದರು. ಮೀನಿನ ಮೈಯಿಂದ ಬರುವ ಕಸ ನೀರಿನಲ್ಲಿ ಅಮೋನಿಯಾ ಆಗುತ್ತದೆ, ಅದು ಮೀನಿಗೆ ವಿಷ. ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಕಲ್ಲು ಒಣಗಿದರೆ ಅವು ಸಾಯುತ್ತವೆ. ಅವರ ಕಲ್ಲು ಹವಳದ್ದಲ್ಲ, ಮನುಷ್ಯರೇ ಮಾಡಿದ್ದು. ನಮ್ಮಲ್ಲಿ ಹವಳಕ್ಕೂ ಕಡಲಕುದುರೆಗೂ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಅವರು ಯಾವತ್ತೂ ಅದರ ಸಹವಾಸಕ್ಕೆ ಹೋದವರಲ್ಲ. ಮೀನುಗಳೂ ಕಡಲಿಂದ ಹಿಡಿದವಲ್ಲ, ಹ್ಯಾಚರಿಯಲ್ಲಿ (ಮೀನು ಮರಿ ಮಾಡಿಸುವ ಕಡೆ) ಹುಟ್ಟಿದವು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದೇ ಅಲ್ಲಿ.

ಅರ್ಧ ನೀರು ಹಳೆಯದು, ಅರ್ಧ ಹೊಸದು ಅಂತ ಮಾತಾಯಿತು. ಕಡಲು ನಮ್ಮಿಂದ ನೂರಾರು ಕಿ.ಮೀ. ದೂರ. ಹಾಗಾಗಿ ಕಡಲನ್ನು ಮನೆಯಲ್ಲೇ ಕಲಸಬೇಕು. ಅಡುಗೆ ಉಪ್ಪು ಇದಕ್ಕೆ ಆಗುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಇರುವ ಬೇರೆ ಉಪ್ಪೇ ಬೇಕು. ಎರಡು ಸಂಜೆ ಆರ್‌ಓ ನೀರು ಹಿಡಿದು, 80 ಲೀಟರ್‌ಗೆ ಸುಮಾರು 3 ಕೆಜಿ ಉಪ್ಪು ಹಾಕಿ, ರಾತ್ರಿಯಿಡೀ ಪಂಪ್ ಓಡಿಸಿದೆ. ಲೀಟರ್‌ಗೆ 35 ಗ್ರಾಂ ಉಪ್ಪು, ಕಡಲಿನಲ್ಲೂ ಹೆಚ್ಚುಕಮ್ಮಿ ಅಷ್ಟೇ.

ಭಾನುವಾರ ಬೆಳಿಗ್ಗೆ ಏಳಕ್ಕೆ ತಮ್ಮನ ಜೊತೆ ಟಾಟಾ ಏಸ್‌ನಲ್ಲಿ ಹೋದೆ. ಮೊದಲು ಮೇಲಿನ ತಿಳಿ ನೀರನ್ನು ಪೈಪ್ ಹಾಕಿ ಕ್ಯಾನ್‌ಗಳಿಗೆ ಇಳಿಸಿದೆವು. ಕಲ್ಲುಗಳನ್ನು ಟಬ್‌ನಲ್ಲಿ ಅದೇ ನೀರಿನೊಳಗೆ ಮುಳುಗಿಸಿದೆವು. ಕಲ್ಲು ತೆಗೆದು ನೀರು ಇಳಿದ ಮೇಲೆ ಮೀನು ಹಿಡಿಯೋದು ಸುಲಭ. ಥರ್ಮಕೋಲ್ ಪೆಟ್ಟಿಗೆಯಲ್ಲಿ ಬ್ಯಾಟರಿ ಪಂಪ್ ಗುಳುಗುಳು ಅನ್ನುತ್ತಿತ್ತು. ಅದನ್ನು ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡೆ.

ತಪ್ಪು ಮಾಡಿದ್ದು ಮರಳಿನಲ್ಲಿ. ಬೆಳ್ಳಗೆ, ನುಣ್ಣಗೆ, ನೋಡಲು ಎಷ್ಟು ಚೆನ್ನಾಗಿತ್ತು! ಬಿಸಾಡಲು ಮನಸ್ಸು ಬರಲಿಲ್ಲ. ಅಡಿಯಲ್ಲಿ ಕಪ್ಪು ಪದರ ಇತ್ತು, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. ಆದರೂ ಮೇಲಿನ ಅರ್ಧ ಚೆನ್ನಾಗೇ ಇದೆ ಅಲ್ವಾ ಅಂತ ಬಕೆಟ್‌ಗೆ ತುಂಬಿದೆ. ಅವರಿಗೆ ಹೇಳಲಿಲ್ಲ.

ಮನೆಯಲ್ಲಿ ಸ್ಟ್ಯಾಂಡ್ ಮೇಲೆ ರಸಮಟ್ಟ ಇಟ್ಟು ನೋಡಿ, ಥರ್ಮಕೋಲ್ ಹಾಳೆ ಹಾಸಿ, ಟ್ಯಾಂಕ್ ಕೂರಿಸಿದೆವು. ನೀರು, ಕಲ್ಲು ಸೇರಿ 200 ಕೆಜಿ ದಾಟುವ ಭಾರ. ಸ್ವಲ್ಪ ಓರೆಯಾದರೂ ಗಾಜಿನ ಅಂಟು ಬಿಡಬಹುದು. ಮೀನಿನ ಪೆಟ್ಟಿಗೆಗೆ ಸಣ್ಣ ಪೈಪ್‌ನಿಂದ ಒಂದು ಗಂಟೆ ಹನಿಹನಿಯಾಗಿ ಟ್ಯಾಂಕ್ ನೀರು ಬಿಟ್ಟು, ಆಮೇಲೆ ಒಳಗೆ ಬಿಟ್ಟೆವು. ಆ ಹಳೆಯ ಮರಳನ್ನೂ ಹಾಕಿದ್ದೆನಲ್ಲ, ರಾತ್ರಿ ಹನ್ನೊಂದಾದರೂ ನೀರು ಹಾಲಿನ ಹಾಗೇ ಇತ್ತು.

ಮರುದಿನ ಅಮೋನಿಯಾ ಪರೀಕ್ಷೆ ಮಾಡಿದೆ. ಪರೀಕ್ಷೆಯ ಹನಿ ಬಿದ್ದ ನೀರು ಹಳದಿಯಾಗಿ ಉಳಿಯಬೇಕಿತ್ತು, ಹಸಿರಾಯಿತು. ಅಂದರೆ ಅಮೋನಿಯಾ ಇದೆ, ಮರಳಿನಲ್ಲಿದ್ದ ಕೊಳೆ ನೀರಿಗೆ ಬಿಟ್ಟಿತ್ತು. ಕಡಲ ನೀರು ಸ್ವಲ್ಪ ಕ್ಷಾರ. ಅದರಲ್ಲಿ ಅಮೋನಿಯಾದ ವಿಷ ಜಾಸ್ತಿ ಹತ್ತುತ್ತದೆ. ಕ್ಲೌನ್ ಮೀನುಗಳು ಮೇಲ್ಭಾಗದಲ್ಲಿ ಬೇಗ ಬೇಗ ಉಸಿರೆಳೆಯುತ್ತಿದ್ದವು. ಹಿರಿಯರಿಗೆ ಫೋನ್ ಮಾಡಿ ನಿಜ ಹೇಳಿದೆ. ಅವರು ಬೈಯಲಿಲ್ಲ. "ಮರಳು ಪೂರ್ತಿ ತೆಗಿ. ದಿನಾ 30 ಲೀಟರ್ ನೀರು ಬದಲಾಯಿಸು. ಊಟ ಹಾಕಬೇಡ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಿಗಡಿ ನೋಡ್ಕೋ, ಅದಕ್ಕೆ ತಡೆಯೋ ಶಕ್ತಿ ಕಮ್ಮಿ" ಅಂದರು.

ಮೂರನೇ ದಿನ ಬೆಳಿಗ್ಗೆ ಸಿಗಡಿ ಕಲ್ಲಿನ ಸಂದಿಯಲ್ಲಿ ಮಗುಚಿ ಬಿದ್ದಿತ್ತು. ಅವರ ಮನೆಯಲ್ಲಿ ಅದು ಅವರ ಬೆರಳಿನ ಮೇಲೆ ಹತ್ತಿ ಉಗುರು ಕೆರೆಯುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೆ. ಅವರಿಗೆ ತಿಳಿಸಲು ಎರಡು ದಿನ ಬೇಕಾಯಿತು.

ಆರನೇ ದಿನ ಹನಿ ಹಳದಿಯಾಗೇ ಉಳಿಯಿತು. ಬ್ಯಾಕ್ಟೀರಿಯಾ ಸತ್ತಿರಲಿಲ್ಲ, ಕಲ್ಲು ಒಣಗಿರಲಿಲ್ಲ. ಹತ್ತನೇ ದಿನಕ್ಕೆ ಮೀನುಗಳು ಕೈ ಕಂಡರೆ ಊಟಕ್ಕೆ ಬರತೊಡಗಿದವು.

ಗಾಜಿನ ಮೇಲೆ ಅವರು ಅಂಟಿಸಿದ್ದ ಒಂದು ಹಳೆಯ ಟೇಪ್ ಇದೆ, ನೀರಿನ ಮಟ್ಟಕ್ಕೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಹಾಗಾಗಿ ತುಂಬಿಸಬೇಕಾದ್ದು ಸಿಹಿನೀರನ್ನೇ. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ನೀರು ಆ ಟೇಪ್ ಮುಟ್ಟುವವರೆಗೂ ಆರ್‌ಓ ನೀರು ಹಾಕುತ್ತೇನೆ. ಈಗಿನ ಬಿಸಿಲಿಗೆ ಎರಡು ಚೊಂಬು ಬೇಕಾಗುತ್ತದೆ.